ಮೆಕ್‌ಡೊನಾಲ್ಡ್ ವೀಕ್ಷಣಾಲಯಕ್ಕೆ ಹೋಗುವವರಿಗೆ: ರಾತ್ರಿಯನ್ನು ಆರಿಸುವುದರಿಂದ ಐಪೀಸಿನವರೆಗೆ

ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೆಕ್‌ಡೊನಾಲ್ಡ್ ವೀಕ್ಷಣಾಲಯವು ಆಸ್ಟಿನ್‌ನಿಂದ ಸುಮಾರು 430 ಮೈಲಿ ಪಶ್ಚಿಮಕ್ಕೆ, ಡೇವಿಸ್ ಬೆಟ್ಟಗಳ ನಡುವೆ, ಮೌಂಟ್ ಲಾಕ್ ಮತ್ತು ಮೌಂಟ್ ಫೋಕ್ಸ್ ಎಂಬ ಎರಡು ಶಿಖರಗಳ ಮೇಲಿದೆ. ಮೌಂಟ್ ಲಾಕ್‌ನ ಎತ್ತರ 6,791 ಅಡಿ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಹೆಚ್ಚು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ಕರೆದುಕೊಂಡು ಇಲ್ಲಿಗೆ ಹೋಗಬೇಕೆಂದು ಯೋಚಿಸುವಾಗ ಸಾಮಾನ್ಯವಾಗಿ ಮೊದಲು ನೋಡುವುದು ರಜೆ ಯಾವಾಗ ಇದೆ ಎಂಬುದನ್ನು. ಮೊದಲು ನೋಡಬೇಕಾದದ್ದು ಚಂದ್ರ ಯಾವಾಗ ಇರುವುದಿಲ್ಲ ಎಂಬುದನ್ನು. ಉಳಿದ ಎಲ್ಲ ಏರ್ಪಾಡುಗಳು ಅದರ ಹಿಂದೆ ಬರಬೇಕು.

ರಾತ್ರಿಯನ್ನು ಆರಿಸುವ ಬಗೆ

ಸಾರ್ವಜನಿಕರಿಗಾಗಿ ನಡೆಯುವ ‘ಸ್ಟಾರ್ ಪಾರ್ಟಿ’ ಎಂಬ ಕಾರ್ಯಕ್ರಮವು ವಾಡಿಕೆಯಂತೆ ಮಂಗಳವಾರ, ಶುಕ್ರವಾರ ಮತ್ತು ಶನಿವಾರದ ರಾತ್ರಿಗಳಲ್ಲಿ ಇರುತ್ತದೆ. ಟಿಕೆಟ್ಟನ್ನು ವೀಕ್ಷಣಾಲಯದ ಜಾಲತಾಣದಲ್ಲಿಯೇ ಮುಂಗಡವಾಗಿ ಕಾಯ್ದಿರಿಸಬೇಕು. ಅಲ್ಲಿಗೆ ಹೋಗಿ ಕೌಂಟರಿನಲ್ಲಿ ಕೊಳ್ಳೋಣವೆಂದು ಹೊರಟವರು ಏಳು ಗಂಟೆ ಕಾರು ಓಡಿಸಿದ ಮೇಲೆ ನಿರಾಶರಾಗುವ ಸಂಭವವೇ ಹೆಚ್ಚು. ಮಾರ್ಚ್ ತಿಂಗಳ ವಸಂತ ರಜೆಯ ವಾರಗಳಲ್ಲಂತೂ ಟಿಕೆಟ್ಟುಗಳು ಬಹಳ ಮೊದಲೇ ಮುಗಿದುಹೋಗುತ್ತವೆ.

ಚಂದ್ರನ ಲೆಕ್ಕಕ್ಕೆ ನಮ್ಮ ಮನೆಯ ಗೋಡೆಯ ಮೇಲೆ ತೂಗುವ ಕ್ಯಾಲೆಂಡರಿಗಿಂತ ಒಳ್ಳೆಯ ಸಾಧನ ಬೇಕಿಲ್ಲ. ಹುಣ್ಣಿಮೆಯ ನಂತರ ಚಂದ್ರನು ದಿನಕ್ಕೆ ಸರಾಸರಿ 50 ನಿಮಿಷದಷ್ಟು ತಡವಾಗಿ ಹುಟ್ಟುವುದರಿಂದ, ಕೃಷ್ಣ ಪಕ್ಷದ ಷಷ್ಠಿ ಅಥವಾ ಸಪ್ತಮಿಯ ಹೊತ್ತಿಗೆ ರಾತ್ರಿಯ ಮೊದಲ ಭಾಗವು ಪೂರ್ತಿ ಕತ್ತಲಾಗಿರುತ್ತದೆ. ಅಲ್ಲಿಂದ ಅಮಾವಾಸ್ಯೆಯನ್ನು ದಾಟಿ ಶುಕ್ಲ ಪಕ್ಷದ ಚೌತಿಯವರೆಗಿನ ದಿನಗಳು ನಕ್ಷತ್ರ ವೀಕ್ಷಣೆಗೆ ಯೋಗ್ಯವಾದವು. ಶುಕ್ಲ ತದಿಗೆ, ಚೌತಿಗಳಿಗೆ ಇನ್ನೊಂದು ಅನುಕೂಲವಿದೆ: ಸಂಜೆ ಪಶ್ಚಿಮದಲ್ಲಿ ತೆಳುವಾದ ಚಂದ್ರನನ್ನು ದೂರದರ್ಶಕದಲ್ಲಿ ನೋಡಿ ಮುಗಿಸುವ ಹೊತ್ತಿಗೆ ಅದು ಮುಳುಗಿ, ಮಸುಕಾದ ವಸ್ತುಗಳಿಗೆ ದಾರಿ ಬಿಟ್ಟುಕೊಡುತ್ತದೆ. ಬೆಂಗಳೂರಿನಲ್ಲಿ ಮುದ್ರಿಸಿದ ಕ್ಯಾಲೆಂಡರನ್ನು ಟೆಕ್ಸಾಸ್‌ನಲ್ಲಿ ಬಳಸುವಾಗ ಒಂದು ಎಚ್ಚರಿಕೆ ಅಗತ್ಯ. ಅಲ್ಲಿ ಬೇಸಿಗೆಯ ಶುಕ್ರವಾರ ರಾತ್ರಿ 9 ಗಂಟೆಯಾಗಿದ್ದಾಗ ಭಾರತದಲ್ಲಿ ಶನಿವಾರ ಬೆಳಿಗ್ಗೆ 7:30 ಆಗಿರುತ್ತದೆ. ಆದ್ದರಿಂದ ಶುಕ್ರವಾರದ ರಾತ್ರಿಗೆ ಶನಿವಾರದ ಚೌಕದಲ್ಲಿರುವ ತಿಥಿಯನ್ನು ಓದಿಕೊಳ್ಳಬೇಕು.

ಈ ಕತ್ತಲ ರಾತ್ರಿಗಳನ್ನೂ ವಾರದ ಆ ಮೂರು ದಿನಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಿಂಗಳಿಗೆ ಐದಾರು ರಾತ್ರಿಗಳಷ್ಟೇ ಉಳಿಯುತ್ತವೆ. ಹುಣ್ಣಿಮೆಯ ಆಸುಪಾಸಿನಲ್ಲಿಯೂ ಕಾರ್ಯಕ್ರಮ ನಡೆಯುತ್ತದೆ, ಟಿಕೆಟ್ಟೂ ಸುಲಭವಾಗಿ ಸಿಗುತ್ತದೆ, ಚಂದ್ರನ ಕುಳಿಗಳನ್ನೂ ಗ್ರಹಗಳನ್ನೂ ನೋಡಬಹುದು. ಆದರೆ ಚಂದ್ರನನ್ನು ನೋಡಲು ಇಷ್ಟು ದೂರ ಹೋಗಬೇಕಾಗಿಲ್ಲ, ಅದು ಮನೆಯ ಹಿತ್ತಿಲಿನಿಂದಲೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಋತುವಿನ ಬಗ್ಗೆಯೂ ಯೋಚಿಸಬೇಕು. ಜುಲೈಯಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಟೆಕ್ಸಾಸ್‌ನಲ್ಲಿ ಮಳೆಗಾಲವಿದ್ದು, ಮಧ್ಯಾಹ್ನ ಕಟ್ಟಿದ ಗುಡುಗು ಮೋಡಗಳು ಕೆಲವೊಮ್ಮೆ ರಾತ್ರಿಯೂ ಚದುರುವುದಿಲ್ಲ. ಶಾಲೆಗಳ ಬೇಸಿಗೆ ರಜೆಯ ಬಹುಭಾಗ ಇದೇ ಅವಧಿಯಲ್ಲಿ ಬರುವುದರಿಂದ ಮಕ್ಕಳಿರುವ ಕುಟುಂಬಗಳು ಬೇರೆ ಆಯ್ಕೆ ಮಾಡುವುದು ಕಷ್ಟ. ಅಂಥವರಿಗೆ ಜೂನ್ ತಿಂಗಳ ಮೊದಲ ಭಾಗ ವಾಸಿ. ಶಾಲೆಯ ಹಂಗಿಲ್ಲದವರು ಅಕ್ಟೋಬರ್, ನವೆಂಬರ್ ತಿಂಗಳುಗಳನ್ನು ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಆಗ ಗಾಳಿ ತಿಳಿಯಾಗಿರುತ್ತದೆ, ಚಳಿ ಇನ್ನೂ ಕಚ್ಚುವಷ್ಟಾಗಿರುವುದಿಲ್ಲ, ಕತ್ತಲೂ ಬೇಗ ಆಗುತ್ತದೆ.

ಕತ್ತಲಾಗುವ ಹೊತ್ತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವೀಕ್ಷಣಾಲಯವು ಟೆಕ್ಸಾಸ್‌ನ ಪಶ್ಚಿಮದ ಅಂಚಿನಲ್ಲಿದ್ದರೂ ಗಡಿಯಾರ ಮಾತ್ರ ಡಲ್ಲಾಸ್, ಹ್ಯೂಸ್ಟನ್‌ಗಳದ್ದೇ ಆಗಿರುವುದರಿಂದ, ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9 ಗಂಟೆಯ ಸುಮಾರಿಗೆ, ಸಂಧ್ಯೆಯ ಕೊನೆಯ ಬೆಳಕು ಆರುವುದು 10:30ರ ಹೊತ್ತಿಗೆ. ಡಿಸೆಂಬರಿನಲ್ಲಾದರೆ ಸಂಜೆ 6 ಗಂಟೆಗೇ ಸೂರ್ಯಾಸ್ತವಾಗಿರುತ್ತದೆ. ಚಿಕ್ಕ ಮಕ್ಕಳಿದ್ದರೆ ಬೇಸಿಗೆಯಲ್ಲಿ ಮಧ್ಯಾಹ್ನವೇ ಅವರನ್ನು ಮಲಗಿಸಿ ಎಬ್ಬಿಸುವುದು ಒಳ್ಳೆಯದು.

ದಾರಿ, ವಸತಿ, ಊಟ

ಪೂರ್ವದಿಂದ ಬರುವವರು ಐ-10 ಹೆದ್ದಾರಿಯಲ್ಲಿ ಬಾಲ್ಮೊರೇ ತನಕ ಬಂದು, ಅಲ್ಲಿಂದ 17ನೇ ಸಂಖ್ಯೆಯ ರಸ್ತೆಯಲ್ಲಿ ಫೋರ್ಟ್ ಡೇವಿಸ್ ಎಂಬ ಸಣ್ಣ ಊರನ್ನು ತಲುಪಬೇಕು. ಅಲ್ಲಿಂದ 118ನೇ ರಸ್ತೆಯಲ್ಲಿ ಸುಮಾರು 16 ಮೈಲಿ ಬೆಟ್ಟ ಹತ್ತಿದರೆ ವೀಕ್ಷಣಾಲಯ. ವಿಮಾನದಲ್ಲಿ ಬರುವವರಿಗೆ ಮಿಡ್‌ಲ್ಯಾಂಡ್ ಅಥವಾ ಎಲ್ ಪಾಸೊ ಹತ್ತಿರದ ನಿಲ್ದಾಣಗಳು. ಎರಡರಿಂದಲೂ ಮೂರು ಗಂಟೆಯ ಆಸುಪಾಸಿನ ಪ್ರಯಾಣವಿದೆ. ಎಲ್ ಪಾಸೊ ಮೌಂಟನ್ ಕಾಲವಲಯದಲ್ಲಿದ್ದು ಅಲ್ಲಿಯ ಗಡಿಯಾರ ಒಂದು ಗಂಟೆ ಹಿಂದಿರುತ್ತದೆ ಎಂಬುದನ್ನು ಮರೆತವರು ಕಾರ್ಯಕ್ರಮ ಅರ್ಧ ಮುಗಿದ ಮೇಲೆ ಬಂದು ನಿಲ್ಲುತ್ತಾರೆ.

ಎಲ್ ಪಾಸೊದಿಂದ ಪೂರ್ವಕ್ಕೆ ಬರುವ ದಾರಿಯಲ್ಲಿ ಸಿಯೆರ್ರಾ ಬ್ಲಾಂಕಾ ಬಳಿ ಗಡಿ ಕಾವಲು ಪಡೆಯ ತಪಾಸಣಾ ಠಾಣೆ ಇದೆ. ಅಮೆರಿಕದ ನಾಗರಿಕರಲ್ಲದವರು, ಅದರಲ್ಲಿಯೂ ಸಂದರ್ಶಕರ ವೀಸಾದಲ್ಲಿ ಬಂದಿರುವ ತಂದೆ ತಾಯಿಯರು, ಪಾಸ್‌ಪೋರ್ಟ್ ಮತ್ತು ವಲಸೆಗೆ ಸಂಬಂಧಿಸಿದ ಮೂಲ ಕಾಗದಪತ್ರಗಳನ್ನು ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು. ದೇಶದೊಳಗಿನ ಪ್ರವಾಸವಲ್ಲವೇ ಎಂದು ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲಿ ಬಿಟ್ಟು ಬರುವುದು ಈ ಪ್ರದೇಶಕ್ಕೆ ಸರಿಹೊಂದುವ ನಡವಳಿಕೆಯಲ್ಲ.

ಈ ಭಾಗದಲ್ಲಿ ಊರಿಂದ ಊರಿಗೆ ಹತ್ತಾರು ಮೈಲಿ ಅಂತರವಿದ್ದು ಮೊಬೈಲ್ ಸಂಕೇತ ಬಿಟ್ಟು ಬಿಟ್ಟು ಸಿಗುತ್ತದೆ. ಟ್ಯಾಂಕು ಅರ್ಧಕ್ಕೆ ಬಂದಾಗಲೇ ಪೆಟ್ರೋಲ್ ಹಾಕಿಸಿಕೊಳ್ಳುವುದು, ನಕ್ಷೆಯನ್ನೂ ಟಿಕೆಟ್ಟನ್ನೂ ಮೊದಲೇ ಫೋನಿಗೆ ಇಳಿಸಿಕೊಳ್ಳುವುದು ಕ್ಷೇಮ. ರಾತ್ರಿ ಹಿಂದಿರುಗುವಾಗ ರಸ್ತೆಗೆ ಅಡ್ಡ ಬರುವ ಜಿಂಕೆಗಳೂ ಹಂದಿಯನ್ನು ಹೋಲುವ ಹಾವೆಲಿನಾಗಳೂ ನಿಜವಾದ ಅಪಾಯ. ಹಾಗಾಗಿ ಫೋರ್ಟ್ ಡೇವಿಸ್‌ನಲ್ಲಿಯೋ, ಡೇವಿಸ್ ಮೌಂಟನ್ಸ್ ರಾಜ್ಯ ಉದ್ಯಾನದಲ್ಲಿರುವ ಇಂಡಿಯನ್ ಲಾಡ್ಜ್‌ನಲ್ಲಿಯೋ ಕೋಣೆ ಹಿಡಿದು, ನಿಧಾನವಾಗಿ ಇಳಿದು ಮಲಗುವುದೇ ಸರಿ. ಅದೇ ರಾತ್ರಿ ಮನೆಗೆ ಮರಳುವ ಸಾಹಸ ಬೇಡ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಬಹಳ ಕಡಿಮೆ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವ ನಮ್ಮ ಹಳೆಯ ಪದ್ಧತಿ ಇಲ್ಲಿ ಸಂಪೂರ್ಣ ಸಮರ್ಥನೀಯ. ಫ್ಲಾಸ್ಕಿನಲ್ಲಿ ಬಿಸಿ ಕಾಫಿಯೋ ಕಷಾಯವೋ ಇರಲಿ; ಆದರೆ ಅದನ್ನು ದೂರದರ್ಶಕಗಳ ಹತ್ತಿರ ಒಯ್ಯಬೇಡಿ, ಕಾರಿನಲ್ಲಿಯೇ ಬಿಡಿ.

ಹಗಲಿನಲ್ಲಿಯೇ ತಲುಪಿ

ಸ್ಟಾರ್ ಪಾರ್ಟಿಯ ಸಮಯಕ್ಕೆ ಸರಿಯಾಗಿ ಬಂದು ಸೇರುವವರು ವೀಕ್ಷಣಾಲಯದ ಅರ್ಧವನ್ನಷ್ಟೇ ನೋಡಿದಂತೆ. ಹಗಲಿನಲ್ಲಿ ಸೂರ್ಯನ ನೇರ ಚಿತ್ರವನ್ನು ತೋರಿಸಿ ವಿವರಿಸುವ ಕಾರ್ಯಕ್ರಮವೂ ದೊಡ್ಡ ದೂರದರ್ಶಕಗಳ ಬಳಿಗೆ ಕರೆದೊಯ್ಯುವ ಮಾರ್ಗದರ್ಶಿತ ಭೇಟಿಯೂ ಇರುತ್ತವೆ. ಕತ್ತಲಾಗುವ ಮುನ್ನ ನಡೆಯುವ ಮುಸ್ಸಂಜೆಯ ಪಾಠವೊಂದು ಬೇರೆ ಇದೆ. ಅದಕ್ಕೆ ಪ್ರತ್ಯೇಕ ಟಿಕೆಟ್ಟು, ಮಕ್ಕಳಿಗೆ ಅದು ಉಪಯುಕ್ತ.

ವಿಶ್ವವಿದ್ಯಾಲಯವೊಂದು ಇಷ್ಟು ದೂರದ ಬೆಟ್ಟದ ಮೇಲೆ ಏಕೆ ವೀಕ್ಷಣಾಲಯ ಕಟ್ಟಿತು ಎಂಬುದರ ಕಥೆಯನ್ನು ಅಲ್ಲಿಗೆ ಹೋಗುವ ಮೊದಲೇ ತಿಳಿದಿದ್ದರೆ ನೋಟಕ್ಕೆ ತೂಕ ಬರುತ್ತದೆ. ವಿಲಿಯಂ ಜಾನ್ಸನ್ ಮೆಕ್‌ಡೊನಾಲ್ಡ್ ಎಂಬ ಬ್ಯಾಂಕರ್ ಟೆಕ್ಸಾಸ್‌ನ ಪ್ಯಾರಿಸ್ ಎಂಬ ಊರಿನವರು. ಮದುವೆಯಾಗದೆ ಉಳಿದಿದ್ದ ಅವರು 1926ರಲ್ಲಿ ತೀರಿಕೊಂಡಾಗ, ತಮ್ಮ ಆಸ್ತಿಯ ಬಹುಪಾಲನ್ನು ವೀಕ್ಷಣಾಲಯ ಕಟ್ಟಲೆಂದು ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದರು. ಬಂಧುಗಳು ಉಯಿಲನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ರಾಜಿಯಾಗುವಷ್ಟರಲ್ಲಿ ವರ್ಷಗಳು ಕಳೆದವು. ಇನ್ನೊಂದು ತೊಡಕೆಂದರೆ, ವಿಶ್ವವಿದ್ಯಾಲಯದಲ್ಲಿ ಆಗ ಖಗೋಳ ವಿಜ್ಞಾನದ ವಿಭಾಗವೇ ಇರಲಿಲ್ಲ. ಹಣ ಒಬ್ಬರದು, ವಿಜ್ಞಾನಿಗಳು ಇನ್ನೊಬ್ಬರವರು ಎಂಬ ಏರ್ಪಾಡಿನಲ್ಲಿ 1932ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದವಾಗಿ, ಅಲ್ಲಿಯ ಖಗೋಳ ವಿಜ್ಞಾನಿ ಆಟೊ ಸ್ಟ್ರೂವೆ ಮೊದಲ ನಿರ್ದೇಶಕರಾದರು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರನ್ನು 1937ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡವರೂ ಇದೇ ಸ್ಟ್ರೂವೆ.

ಸ್ಟ್ರೂವೆ ಅವರ ಹೆಸರನ್ನೇ ಹೊತ್ತಿರುವ, 82 ಅಂಗುಲ ವ್ಯಾಸದ ಕನ್ನಡಿಯ ದೂರದರ್ಶಕವು 1939ರ ಮೇ ತಿಂಗಳಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲಿ ಎರಡನೆಯ ಅತಿ ದೊಡ್ಡದಾಗಿತ್ತು. ಶನಿಯ ಉಪಗ್ರಹ ಟೈಟನ್‌ಗೆ ವಾತಾವರಣವಿದೆ ಎಂಬುದನ್ನು ಖಗೋಳ ವಿಜ್ಞಾನಿ ಜೆರಾರ್ಡ್ ಕೈಪರ್ 1944ರಲ್ಲಿ ಕಂಡುಕೊಂಡದ್ದು ಇದರಿಂದಲೇ. ಯುರೇನಸ್‌ನ ಮಿರಾಂಡಾವನ್ನು 1948ರಲ್ಲಿಯೂ ನೆಪ್ಚೂನ್‌ನ ನೆರೀಡ್ ಅನ್ನು 1949ರಲ್ಲಿಯೂ ಅವರು ಇಲ್ಲಿಯೇ ಪತ್ತೆಹಚ್ಚಿದರು.

1968ರಲ್ಲಿ ಸಿದ್ಧವಾದ 107 ಅಂಗುಲದ ಹಾರ್ಲನ್ ಸ್ಮಿತ್ ದೂರದರ್ಶಕದ ಬಳಿ ಹೋದಾಗ ಮಾರ್ಗದರ್ಶಿಯವರನ್ನು ಗುಂಡಿನ ಗುರುತುಗಳ ಬಗ್ಗೆ ಕೇಳಿ. 1970ರ ಫೆಬ್ರುವರಿಯಲ್ಲಿ ನೌಕರನೊಬ್ಬ ಪಿಸ್ತೂಲು ತಂದು ಅದರ ಮುಖ್ಯ ಕನ್ನಡಿಗೆ ಹಲವು ಗುಂಡು ಹಾರಿಸಿದ. ಗಾಜು ಪುಡಿಪುಡಿಯಾಗುತ್ತದೆಂದು ಆತ ಎಣಿಸಿರಬೇಕು. ಆದರೆ ಸಿಲಿಕಾವನ್ನು ಕರಗಿಸಿ ಎರಕಹೊಯ್ದ ಆ ದಪ್ಪ ಗಟ್ಟಿಯಲ್ಲಿ ಸಣ್ಣ ಸಣ್ಣ ಕುಳಿಗಳಾದವೇ ಹೊರತು ಕನ್ನಡಿ ಒಡೆಯಲಿಲ್ಲ. ಕಳೆದುಹೋದದ್ದು ಅದು ಸಂಗ್ರಹಿಸುವ ಬೆಳಕಿನಲ್ಲಿ ಶೇಕಡಾ ಒಂದರಷ್ಟು ಮಾತ್ರ. ದೂರದರ್ಶಕದ ಕನ್ನಡಿಯ ಕೆಲಸವೇನೆಂಬುದನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ: ಕನ್ನಡಿಯ ಪ್ರತಿ ಭಾಗವೂ ಇಡೀ ಚಿತ್ರವನ್ನೇ ರೂಪಿಸುವುದರಿಂದ, ಒಂದು ಕಡೆ ತೂತಾದರೆ ಚಿತ್ರದಲ್ಲಿ ತೂತು ಕಾಣುವುದಿಲ್ಲ, ಬೆಳಕು ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ. ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟು ಬಂದ ಪ್ರತಿಫಲಕಕ್ಕೆ ಲೇಸರ್ ಕಿರಣ ಕಳುಹಿಸಿ ಚಂದ್ರನ ದೂರವನ್ನು ವರ್ಷಗಟ್ಟಲೆ ಅಳೆದದ್ದೂ ಇದೇ ದೂರದರ್ಶಕ. ಅಂಥ ಅಳತೆಗಳಿಂದಲೇ ಚಂದ್ರನು ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆಂದು ತಿಳಿದುಬಂದಿದೆ.

ಪಕ್ಕದ ಮೌಂಟ್ ಫೋಕ್ಸ್ ಮೇಲಿರುವ ಹಾಬಿ-ಎಬರ್ಲಿ ದೂರದರ್ಶಕದ ಕನ್ನಡಿಯನ್ನು 91 ಷಟ್ಕೋನ ತುಂಡುಗಳನ್ನು ಜೋಡಿಸಿ ಮಾಡಲಾಗಿದೆ. ಒಟ್ಟು ಅಗಲ 11 ಮೀಟರ್, ಎತ್ತರ 10 ಮೀಟರ್. ಇತರ ದೂರದರ್ಶಕಗಳಂತೆ ಇದು ಆಕಾಶದ ಎಲ್ಲೆಡೆಗೂ ತಲೆಯೆತ್ತಿ ನೋಡುವುದಿಲ್ಲ. 55 ಡಿಗ್ರಿ ಕೋನದಲ್ಲಿ ಸ್ಥಿರವಾಗಿ ನಿಂತು, ಬೇಕಾದ ದಿಕ್ಕಿಗೆ ಅಡ್ಡಲಾಗಿ ಮಾತ್ರ ತಿರುಗುತ್ತದೆ. ನಕ್ಷತ್ರ ಚಲಿಸಿದಂತೆ ಮೇಲಿನ ಉಪಕರಣವು ಸರಿಯುತ್ತಾ ಅದನ್ನು ಹಿಂಬಾಲಿಸುತ್ತದೆ. ಬೆಳಕನ್ನು ಬಣ್ಣಗಳಾಗಿ ಒಡೆದು ಓದುವುದು, ಅಂದರೆ ರೋಹಿತದ ಅಧ್ಯಯನ, ಇದರ ಮುಖ್ಯ ಕೆಲಸ. ‘ಇಷ್ಟು ದೊಡ್ಡ ದೂರದರ್ಶಕ ತೆಗೆದ ಚಿತ್ರಗಳು ಎಲ್ಲಿ?’ ಎಂದು ಕೇಳುವವರಿಗೆ ಇದೇ ಉತ್ತರ.

ಬಟ್ಟೆ, ಬೆಳಕು, ಶಿಸ್ತು

ಹಗಲಿನಲ್ಲಿ ಬೆವರಿಳಿಸುವ ಬಿಸಿಲಿದ್ದರೂ ಈ ಎತ್ತರದ ಒಣಗಾಳಿಯಲ್ಲಿ ಸೂರ್ಯ ಮುಳುಗಿದ ಒಂದು ಗಂಟೆಯೊಳಗೆ ಚಳಿ ಹಿಡಿಯುತ್ತದೆ. ಎರಡು ಗಂಟೆಗೂ ಹೆಚ್ಚು ಕಾಲ ಕದಲದೆ ಕೂರುವುದು, ಸರದಿಯಲ್ಲಿ ನಿಲ್ಲುವುದು ಇರುವುದರಿಂದ, ನಡೆದಾಡುವಾಗ ಸಾಕೆನಿಸುವ ಬಟ್ಟೆ ಇಲ್ಲಿ ಸಾಲದು. ಬೇಸಿಗೆಯಲ್ಲಿಯೂ ಒಂದು ದಪ್ಪ ಸ್ವೆಟರ್ ಇರಲಿ. ನವೆಂಬರಿನಿಂದ ಮಾರ್ಚ್‌ವರೆಗೆ ಕೈಗವಸು, ಉಣ್ಣೆಯ ಕಾಲುಚೀಲ, ಹಿರಿಯರಿಗೆ ಮಂಕಿ ಟೋಪಿ ಮತ್ತು ಹೊದೆಯಲು ಕಂಬಳಿ ಅಗತ್ಯ. ಸೀರೆಯುಟ್ಟು ಚಪ್ಪಲಿ ಹಾಕಿಕೊಂಡು ಬಂದ ಅಮ್ಮಂದಿರು ಅರ್ಧಕ್ಕೇ ಒಳಗೆ ಹೋಗಿ ಕೂರಬೇಕಾಗುತ್ತದೆ. ಬೆಟ್ಟದ ಗಾಳಿ ಒಣಗಿರುವುದರಿಂದ ಬಾಯಾರಿಕೆ ಆಗದಿದ್ದರೂ ನೀರು ಕುಡಿಯುತ್ತಿರಬೇಕು. ಗಾಲಿಕುರ್ಚಿಯಲ್ಲಿ ಕುಳಿತೇ ನೋಡಬಹುದಾದ ದೂರದರ್ಶಕವೂ ಅಲ್ಲಿದೆ. ಮಂಡಿ ನೋವಿರುವವರ ವಿಷಯವನ್ನು ಸಿಬ್ಬಂದಿಗೆ ಮೊದಲೇ ತಿಳಿಸಿದರೆ ಅವರು ಸರಿಯಾದ ಕಡೆ ಕರೆದೊಯ್ಯುತ್ತಾರೆ.

ಬೆಳಕಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದನ್ನು ಹಾಳುಗೆಡವಲು ಯಾರೋ ಒಬ್ಬರು ಗಂಟೆ ನೋಡಲೆಂದು ಫೋನ್ ತೆರೆದರೆ ಸಾಕು. ಹಾಗೆ ಮಾಡಿದವರು ತಮ್ಮ ಕಣ್ಣನ್ನಷ್ಟೇ ಅಲ್ಲ, ಅಕ್ಕಪಕ್ಕದ ಹತ್ತು ಜನರ ಕಣ್ಣನ್ನೂ ಮೊದಲಿನ ಸ್ಥಿತಿಗೆ ತಂದಿರುತ್ತಾರೆ. ಬಿಳಿ ಟಾರ್ಚ್, ಕ್ಯಾಮೆರಾದ ಫ್ಲ್ಯಾಶ್, ಮಕ್ಕಳ ಮಿನುಗುವ ಬೂಟುಗಳು, ಬೆಳಗುವ ಕೈಗಡಿಯಾರ ಇವೆಲ್ಲವೂ ನಿಷಿದ್ಧವೆಂದೇ ತಿಳಿಯಬೇಕು. ನಡೆಯಲು ಬೆಳಕು ಬೇಕೆನಿಸಿದರೆ ಮಂದವಾದ ಕೆಂಪು ಟಾರ್ಚ್ ಸಾಕು, ಅದನ್ನೂ ನೆಲದ ಕಡೆಗೇ ಹಿಡಿಯಬೇಕು. ಕಾರಿನ ಬಾಗಿಲು ತೆರೆದಾಗ ಒಳಗಿನ ದೀಪ ತಾನಾಗಿ ಉರಿಯುತ್ತದೆ. ಬೇಕಾದ ಸ್ವೆಟರ್, ಕಂಬಳಿಗಳನ್ನು ಬೆಳಕಿರುವಾಗಲೇ ಹೊರಗೆ ತೆಗೆದಿಟ್ಟುಕೊಂಡರೆ ಆ ಕಷ್ಟ ತಪ್ಪುತ್ತದೆ.

ಈ ಕಟ್ಟುನಿಟ್ಟು ಅಂಗಳಕ್ಕೆ ಮಾತ್ರ ಸೀಮಿತವಲ್ಲ. ಸುತ್ತಲಿನ ಕೌಂಟಿಗಳಲ್ಲಿ ಹೊರಾಂಗಣ ದೀಪಗಳು ಆಕಾಶಕ್ಕೆ ಬೆಳಕು ಚೆಲ್ಲದಂತೆ ನಿಯಮಗಳಿವೆ. ಮೆಕ್ಸಿಕೊದ ಒಂದು ಭಾಗವನ್ನೂ ಒಳಗೊಂಡ 15,000 ಚದರ ಮೈಲಿಗೂ ಹೆಚ್ಚು ವಿಸ್ತಾರದ ಪ್ರದೇಶವನ್ನು 2022ರಲ್ಲಿ ಗ್ರೇಟರ್ ಬಿಗ್ ಬೆಂಡ್ ಅಂತರರಾಷ್ಟ್ರೀಯ ಕತ್ತಲೆ ಆಕಾಶ ಸಂರಕ್ಷಿತ ವಲಯವೆಂದು ಘೋಷಿಸಲಾಯಿತು. ಈಶಾನ್ಯ ದಿಕ್ಕಿನಲ್ಲಿ ದಿಗಂತದ ಬಳಿ ತೆಳುವಾದ ಬೆಳಕಿನ ಪಟ್ಟಿ ಕಂಡರೆ ಅದು ಪರ್ಮಿಯನ್ ಬೇಸಿನ್ ಎಂಬ ತೈಲ ಪ್ರದೇಶದ ಬಾವಿಗಳದ್ದು. ಆ ಕಂಪನಿಗಳಿಗೆ ದೀಪಗಳನ್ನು ಮರೆಮಾಡುವ ಬಗೆಯನ್ನು ತಿಳಿಸಿಕೊಡುವುದೂ ವೀಕ್ಷಣಾಲಯದ ಕೆಲಸಗಳಲ್ಲೊಂದಾಗಿದೆ.

ಮೊದಲು ಬರಿಗಣ್ಣು

ಕಾರ್ಯಕ್ರಮ ಆರಂಭವಾಗುವುದು ಬಯಲು ರಂಗಮಂದಿರದಲ್ಲಿ. ವಿವರಿಸುವವರು ಹಸಿರು ಲೇಸರ್ ಕಿರಣದಿಂದ ನಕ್ಷತ್ರಪುಂಜಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಈ ಭಾಗವನ್ನು ಬಿಟ್ಟು ಮೊದಲೇ ದೂರದರ್ಶಕಗಳ ಸರದಿಗೆ ಓಡುವವರಿದ್ದಾರೆ, ಹಾಗೆ ಮಾಡಬಾರದು. ದೂರದರ್ಶಕವು ಆಕಾಶದ ಒಂದು ಚುಕ್ಕೆಯಷ್ಟು ಜಾಗವನ್ನು ತೋರಿಸುತ್ತದೆ, ಆ ಚುಕ್ಕೆ ಎಲ್ಲಿದೆ ಎಂಬುದು ಗೊತ್ತಿಲ್ಲದವರಿಗೆ ಅಲ್ಲಿ ಕಂಡದ್ದು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ವಿವರಣೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಹಿರಿಯರಿಗೆ ಮೆಲುದನಿಯಲ್ಲಿ ನಮ್ಮ ಹೆಸರುಗಳನ್ನು ಹೇಳಿಕೊಟ್ಟರೆ ಅವರೇ ಮುಂದಿನದನ್ನು ಹೇಳಲು ತೊಡಗುತ್ತಾರೆ. ಆರ್ಕ್ಟುರಸ್ ಎಂದರೆ ಸ್ವಾತಿ, ಸ್ಪೈಕಾ ಎಂದರೆ ಚಿತ್ತಾ, ಆಂಟಾರೆಸ್ ಎಂದರೆ ಜ್ಯೇಷ್ಠಾ, ವೇಗಾ ಎಂದರೆ ಅಭಿಜಿತ್, ಆಲ್ಟೇರ್ ಎಂದರೆ ಶ್ರವಣ, ಆಲ್ಡೆಬರಾನ್ ಎಂದರೆ ರೋಹಿಣಿ, ಬೀಟಲ್‌ಜ್ಯೂಸ್ ಎಂದರೆ ಆರ್ದ್ರಾ, ಸಿರಿಯಸ್ ಎಂದರೆ ಲುಬ್ಧಕ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಬದುಕಿದ ರೈತಾಪಿ ಮನೆಗಳ ಅಜ್ಜಂದಿರಿಗೆ ಈ ಹೆಸರುಗಳು ಗೊತ್ತಿರುತ್ತವೆ. ಆದರೆ ಆರ್ದ್ರೆಯ ಮಳೆ ಎಂದರೆ ಸೂರ್ಯನು ಆ ನಕ್ಷತ್ರದ ಬಳಿ ಇರುವ ಕಾಲ, ಆದ್ದರಿಂದ ಮಳೆ ಬರುವಾಗ ಆ ನಕ್ಷತ್ರ ರಾತ್ರಿಯಲ್ಲಿ ಕಾಣುವುದಿಲ್ಲ ಎಂಬುದು ಹಲವರಿಗೆ ಹೊಸ ವಿಷಯ. ಆರ್ದ್ರೆಯನ್ನು ನೋಡಬೇಕಾದರೆ ಜನವರಿ, ಫೆಬ್ರುವರಿಗಳಲ್ಲಿ ಬರಬೇಕು.

ಊರಿನಿಂದ ಬಂದವರು ಗಮನಿಸಬೇಕಾದ ಇನ್ನೊಂದು ವ್ಯತ್ಯಾಸವೆಂದರೆ ಧ್ರುವ ನಕ್ಷತ್ರದ ಎತ್ತರ. ಅದು ನೋಡುವವರ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ. ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಆದ್ದರಿಂದ ಕಟ್ಟಡಗಳ ಮರೆಯಲ್ಲಿ ಹುದುಗಿರುತ್ತದೆ. ಇಲ್ಲಿ ಸುಮಾರು 31 ಡಿಗ್ರಿ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ ಆಗುತ್ತದೆ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಮಕ್ಕಳಿಂದಲೇ ಅಳೆಯಿಸಿ. ಉತ್ತರದಲ್ಲಿ ಪಡೆದದ್ದನ್ನು ದಕ್ಷಿಣದಲ್ಲಿ ಬಿಟ್ಟುಕೊಡಬೇಕಾಗುತ್ತದೆ: ಬೆಂಗಳೂರಿನಲ್ಲಿ 24 ಡಿಗ್ರಿಯವರೆಗೆ ಏರುವ ಅಗಸ್ತ್ಯ ನಕ್ಷತ್ರವು ಇಲ್ಲಿ 7 ಡಿಗ್ರಿಗೂ ಏರದು. ಫೆಬ್ರುವರಿಯ ಮಧ್ಯಭಾಗದಲ್ಲಿ ರಾತ್ರಿ 9:30ರ ಸುಮಾರಿಗೆ, ಬೆಟ್ಟ ಅಡ್ಡ ಬರದ ಕಡೆ ನಿಂತು ನೇರ ದಕ್ಷಿಣಕ್ಕೆ ನೋಡಿದರೆ ಅದು ಸಿಗುತ್ತದೆ.

ಐಪೀಸಿನ ಮುಂದೆ

ರಂಗಮಂದಿರದಿಂದ ದೂರದರ್ಶಕಗಳ ಅಂಗಳಕ್ಕೆ ಬಂದಾಗ ಪ್ರತಿಯೊಂದರಲ್ಲಿಯೂ ಬೇರೆ ಬೇರೆ ವಸ್ತುವನ್ನು ತೋರಿಸುತ್ತಿರುತ್ತಾರೆ. ಎಲ್ಲ ಸಾಲುಗಳಲ್ಲಿಯೂ ನಿಂತು ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಮೂರು ವಸ್ತುಗಳನ್ನು ನಿಧಾನವಾಗಿ ನೋಡುವುದು, ಎಂಟನ್ನು ಇಣುಕಿ ನೋಡುವುದಕ್ಕಿಂತ ಹೆಚ್ಚು ಕಲಿಸುತ್ತದೆ. ಜನ ಕಡಿಮೆಯಾಗುವುದು ಕಾರ್ಯಕ್ರಮದ ಕೊನೆಯ ಅರ್ಧ ಗಂಟೆಯಲ್ಲಿ. ಆಗ ಅದೇ ಸಾಲಿನಲ್ಲಿ ಎರಡನೆಯ ಸಲ ನಿಂತು ಮತ್ತೆ ನೋಡಬಹುದು.

ಕಣ್ಣಿಟ್ಟು ನೋಡುವ ಮಸೂರದ ತುದಿಯಾದ ಐಪೀಸನ್ನಾಗಲೀ ದೂರದರ್ಶಕದ ಕೊಳವೆಯನ್ನಾಗಲೀ ಕೈಯಿಂದ ಹಿಡಿಯಬಾರದು. ಸ್ವಲ್ಪ ಅಲುಗಿದರೂ ವಸ್ತು ನೋಟದಿಂದ ಜಾರುತ್ತದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗುವುದು ಸುರಕ್ಷಿತ. ಕನ್ನಡಕ ಧರಿಸುವವರಲ್ಲಿ ಸಮೀಪ ದೃಷ್ಟಿ, ದೂರ ದೃಷ್ಟಿಯ ದೋಷವಿರುವವರು ಅದನ್ನು ತೆಗೆದು ನೋಡಬಹುದು, ಫೋಕಸ್ ಹೊಂದಿಸಲು ಅಲ್ಲಿರುವವರನ್ನು ಕೇಳಬೇಕು. ಆಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಮೇಲ್ಮೈ ಎಲ್ಲ ಕಡೆ ಸಮನಾಗಿ ಬಾಗಿರದ ದೋಷ, ಇರುವವರು ಮಾತ್ರ ಹಾಕಿಕೊಂಡೇ ನೋಡುವುದು ಉತ್ತಮ. ಕಣ್ಣನ್ನು ಐಪೀಸಿಗೆ ಒತ್ತದೆ ಒಂದೆರಡು ಸೆಂಟಿಮೀಟರ್ ದೂರವಿಟ್ಟು, ಬೆಳಕಿನ ಸಣ್ಣ ವೃತ್ತ ಕಾಣುವವರೆಗೆ ನಿಧಾನವಾಗಿ ಮುಂದೆ ಸರಿಯಿರಿ. ಮಕ್ಕಳು ‘ಕಾಣಿಸ್ತು’ ಎಂದು ಬೇಗ ಹೇಳಿಬಿಡುತ್ತಾರೆ. ಏನು ಕಾಣಿಸಿತು, ಎಷ್ಟು ಚುಕ್ಕೆ, ಯಾವ ಬಣ್ಣ ಎಂದು ಕೇಳಿದರೆ ನಿಜ ಗೊತ್ತಾಗುತ್ತದೆ.

ಬಣ್ಣದ ವಿಷಯದಲ್ಲಿಯೇ ಹೆಚ್ಚಿನವರಿಗೆ ನಿರಾಸೆಯಾಗುವುದು. ಒರಾಯನ್ ನೀಹಾರಿಕೆ ಎಂಬ ಅನಿಲ ಮೋಡದ ಗುಲಾಬಿ, ನೇರಳೆ ಬಣ್ಣದ ಚಿತ್ರಗಳನ್ನು ನೋಡಿ ಬಂದವರಿಗೆ ದೂರದರ್ಶಕದಲ್ಲಿ ಕಾಣುವುದು ಬೂದು ಬಣ್ಣದ, ಅಂಚಿನಲ್ಲಿ ತುಸು ಹಸಿರಾದ, ಮಂಜಿನ ರೆಕ್ಕೆಯಂಥ ಆಕಾರ. ಕ್ಯಾಮೆರಾ ನಿಮಿಷಗಟ್ಟಲೆ ಬೆಳಕನ್ನು ಕೂಡಿಸಬಲ್ಲದು, ಕಣ್ಣಿಗೆ ಅದು ಸಾಧ್ಯವಿಲ್ಲ; ಮಂದ ಬೆಳಕಿನಲ್ಲಿ ಕೆಲಸ ಮಾಡುವ ಅಕ್ಷಿಪಟಲದ ಕೋಶಗಳಿಗೆ ಬಣ್ಣವೂ ತಿಳಿಯುವುದಿಲ್ಲ. ಆ ಕೋಶಗಳು ಅಕ್ಷಿಪಟಲದ ನಟ್ಟನಡುವೆ ಇರದೆ ಅದರ ಸುತ್ತ ದಟ್ಟವಾಗಿರುವುದರಿಂದ, ಮಸುಕಾದ ವಸ್ತುವನ್ನು ದಿಟ್ಟಿಸಿದರೆ ಅದು ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಟ ಸರಿಸಿದರೆ ಮತ್ತೆ ಮೂಡುತ್ತದೆ. ಓರೆನೋಟದ ಈ ಉಪಾಯವನ್ನು ಸಾಲಿನಲ್ಲಿ ನಿಂತಿರುವಾಗಲೇ ಬರಿಗಣ್ಣಿನಿಂದ ಕೃತ್ತಿಕೆಯ ಮೇಲೋ, ಆಂಡ್ರೊಮಿಡಾ ಗೆಲಾಕ್ಸಿಯ ಮೇಲೋ ಅಭ್ಯಾಸ ಮಾಡಬಹುದು. ಆ ಗೆಲಾಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದು, ಶರತ್ಕಾಲದ ಕತ್ತಲಲ್ಲಿ ಯಾವ ಉಪಕರಣವೂ ಇಲ್ಲದೆ ಮಸುಕಾದ ಮಚ್ಚೆಯಂತೆ ಕಾಣುತ್ತದೆ.

ಬಣ್ಣವನ್ನು ಬಯಸುವವರು ನೀಹಾರಿಕೆಗಳ ಬದಲು ಜೋಡಿ ನಕ್ಷತ್ರಗಳನ್ನು ಕೇಳಬೇಕು. ಹಂಸ ಪುಂಜದ ಆಲ್ಬಿರಿಯೊದಲ್ಲಿ ಒಂದು ನಕ್ಷತ್ರ ಹೊನ್ನಿನ ಬಣ್ಣದ್ದು, ಪಕ್ಕದ್ದು ನೀಲಿ. ನಮ್ಮವರು ಕೇಳಿ ನೋಡಲೇಬೇಕಾದದ್ದು ಸಪ್ತರ್ಷಿ ಮಂಡಲದ ವಸಿಷ್ಠ. ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿಯು ವಸಿಷ್ಠನ ಪಕ್ಕದಲ್ಲಿ ಬರಿಗಣ್ಣಿಗೇ ಕಾಣುವ ಪುಟ್ಟ ನಕ್ಷತ್ರ. ದೂರದರ್ಶಕದಲ್ಲಿ ನೋಡಿದರೆ ಅರುಂಧತಿ ದೂರ ಸರಿದು ನಿಂತು, ವಸಿಷ್ಠನೇ ಎರಡು ನಕ್ಷತ್ರಗಳಾಗಿ ಒಡೆದು ಕಾಣುತ್ತಾನೆ. ದೂರದರ್ಶಕದಿಂದ ಪತ್ತೆಯಾದ ಮೊಟ್ಟಮೊದಲ ಜೋಡಿ ನಕ್ಷತ್ರಗಳಲ್ಲಿ ಇದೂ ಒಂದು. ಏಪ್ರಿಲ್‌ನಿಂದ ಜೂನ್‌ವರೆಗಿನ ರಾತ್ರಿಗಳಲ್ಲಿ ಇದು ಎತ್ತರದಲ್ಲಿರುತ್ತದೆ; ಶರತ್ಕಾಲದ ಸಂಜೆ ಸಪ್ತರ್ಷಿಗಳು ದಿಗಂತಕ್ಕೆ ಇಳಿದಿರುವುದರಿಂದ ಆಗ ಕೇಳಿ ಪ್ರಯೋಜನವಿಲ್ಲ.

ಬೇಸಿಗೆಯಲ್ಲಿ ಹರ್ಕ್ಯುಲಿಸ್ ಪುಂಜದ ಎಂ-13 ಎಂಬ ಗೋಳಾಕಾರದ ತಾರಾಗುಚ್ಛವನ್ನು ತಪ್ಪಿಸಿಕೊಳ್ಳಬೇಡಿ. 20,000 ಜ್ಯೋತಿರ್ವರ್ಷಗಳಿಗೂ ಹೆಚ್ಚು ದೂರದಲ್ಲಿರುವ ಲಕ್ಷಾಂತರ ನಕ್ಷತ್ರಗಳ ಈ ಗುಂಪು ಮೊದಲ ನೋಟಕ್ಕೆ ಹತ್ತಿಯ ಉಂಡೆಯಂತೆ ಕಂಡು, ಅರ್ಧ ನಿಮಿಷ ಕಣ್ಣಿಟ್ಟ ಮೇಲೆ ಅಂಚಿನಿಂದ ಒಳಗಿನತ್ತ ಬಿಡಿ ಬಿಡಿ ಚುಕ್ಕೆಗಳಾಗಿ ತೆರೆದುಕೊಳ್ಳುತ್ತದೆ. ಶನಿಯ ಬಳೆಗಳು 2025ರಲ್ಲಿ ಗೆರೆಯಷ್ಟು ತೆಳುವಾಗಿದ್ದವು. 2032ರವರೆಗೆ ಅವು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಗುತ್ತವೆ.

ದೊಡ್ಡ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಆಸೆಯಿರುವವರಿಗೆ 36 ಅಂಗುಲ ಮತ್ತು 82 ಅಂಗುಲದ ದೂರದರ್ಶಕಗಳಲ್ಲಿ ವಿಶೇಷ ವೀಕ್ಷಣಾ ರಾತ್ರಿಗಳಿರುತ್ತವೆ. ಶುಲ್ಕ ಹೆಚ್ಚು, ಸ್ಥಳ ಕಡಿಮೆ. ವಯಸ್ಸಿನ ಮಿತಿಯನ್ನೂ ಮೆಟ್ಟಿಲುಗಳ ವಿವರವನ್ನೂ ಕಾಯ್ದಿರಿಸುವ ಮೊದಲು ಓದಿಕೊಳ್ಳಬೇಕು. ಮೊದಲ ಸಲ ಹೋಗುವವರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಕೈಪರ್ ಮಿರಾಂಡಾವನ್ನು ಕಂಡ ಅದೇ ದೂರದರ್ಶಕದ ಬಳಿ ನಿಲ್ಲುವುದರ ಬೆಲೆ ತಿಳಿಯಬೇಕಾದರೆ ಮೊದಲು ಚಿಕ್ಕವುಗಳಲ್ಲಿ ಕಣ್ಣು ಪಳಗಿರಬೇಕು.

ಮೋಡ ಕವಿದರೆ

ಸ್ಟಾರ್ ಪಾರ್ಟಿ ಸಾಮಾನ್ಯವಾಗಿ ಮೋಡವಿದ್ದರೂ ರದ್ದಾಗುವುದಿಲ್ಲ. ಒಳಾಂಗಣದಲ್ಲಿ ಉಪನ್ಯಾಸ, ಪ್ರಾತ್ಯಕ್ಷಿಕೆಗಳು ನಡೆಯುತ್ತವೆ. ಇಷ್ಟು ದೂರ ಹೋಗುವವರು ಎರಡು ರಾತ್ರಿ ತಂಗುವಂತೆ ಯೋಜಿಸಿ, ಶುಕ್ರವಾರ ಮತ್ತು ಶನಿವಾರ ಎರಡಕ್ಕೂ ಅವಕಾಶವಿಟ್ಟುಕೊಂಡರೆ ಮೋಡದ ಭಯ ಅರ್ಧ ಕಡಿಮೆಯಾಗುತ್ತದೆ. ಎರಡನೆಯ ರಾತ್ರಿ ಟಿಕೆಟ್ಟು ಸಿಗದಿದ್ದರೂ ರಾಜ್ಯ ಉದ್ಯಾನದ ಆಕಾಶವೂ ಕತ್ತಲೆಯದ್ದೇ; ಚಾಪೆ ಹಾಸಿ ಮಲಗಿ, ಹಿಂದಿನ ರಾತ್ರಿ ಕಲಿತದ್ದನ್ನು ಯಾರ ಸಹಾಯವೂ ಇಲ್ಲದೆ ಗುರುತಿಸಲು ಪ್ರಯತ್ನಿಸಬಹುದು. ಫೋಟೊ ತೆಗೆಯುವವರಿಗೂ ಸ್ಟಾರ್ ಪಾರ್ಟಿಯ ಜನಸಂದಣಿಗಿಂತ ಅದೇ ಸರಿಯಾದ ಜಾಗ.

ಹೋಗುವ ಮೊದಲು ಹದಿನೈದು ದಿನ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಫೋರ್ಟ್ ಡೇವಿಸ್ ಊರನ್ನೂ ನಿಮ್ಮ ದಿನಾಂಕವನ್ನೂ ಆರಿಸಿ ಆಕಾಶವನ್ನು ನೋಡುತ್ತಿದ್ದರೆ ಅಲ್ಲಿ ಎಲ್ಲವೂ ಪರಿಚಿತವೆನಿಸುತ್ತದೆ. ಮರಳಿ ಬಂದ ಮೇಲೆ ಅದೇ ವೀಕ್ಷಣಾಲಯವು 1978ರಿಂದ ನಡೆಸುತ್ತಿರುವ ‘ಸ್ಟಾರ್‌ಡೇಟ್’ ಎಂಬ ಎರಡು ನಿಮಿಷದ ರೇಡಿಯೊ ಕಾರ್ಯಕ್ರಮವನ್ನು ದಿನವೂ ಕೇಳಬಹುದು. ದೂರದರ್ಶಕ ಕೊಡಿಸಿ ಎಂದು ಮಕ್ಕಳು ಹಟ ಹಿಡಿಯುವುದು ಈ ಹಂತದಲ್ಲಿಯೇ. ಅಂಗಡಿಯಲ್ಲಿ ‘500 ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂದು ಬರೆದಿರುವ ಅಗ್ಗದ ದೂರದರ್ಶಕಗಳ ಬದಲು 7×50 ಅಥವಾ 10×50 ಅಳತೆಯ (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಮಿಲಿಮೀಟರ್ ವ್ಯಾಸ) ಒಂದು ಬೈನಾಕ್ಯುಲರ್ ಕೊಡಿಸಿ. ಗುರುವಿನ ನಾಲ್ಕು ಉಪಗ್ರಹಗಳು, ಕೃತ್ತಿಕೆಯ ಹತ್ತಾರು ನಕ್ಷತ್ರಗಳು, ಚಂದ್ರನ ದೊಡ್ಡ ಕುಳಿಗಳು ಊರಿನ ಬೆಳಕಿನ ನಡುವೆಯೂ ಅದರಲ್ಲಿ ಕಾಣುತ್ತವೆ. ಒಂದು ವರ್ಷವಾದ ಮೇಲೂ ಆಸಕ್ತಿ ಉಳಿದಿದ್ದರೆ ಆಗ ದೂರದರ್ಶಕದ ಮಾತನಾಡಬಹುದು.